ಹರಕೆ ಬಾಕಿ

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಹತ್ತುವ ಭಕ್ತರಲ್ಲಿ ಹರಕೆ ಹೊರಲು ಬರುವವರು ಕೆಲವರು, ಹೊತ್ತ ಹರಕೆ ತೀರಿಸಲು ಬರುವವರು ಕೆಲವರು. ಹರಕೆ ಹೊರುವವರಲ್ಲಿ ಪರೀಕ್ಷೆ ಬರೆದ ಹುಡುಗರು, ಹೊಸದಾಗಿ ಮದುವೆಯಾದವರು, ಕೈಗೂಸು ಎತ್ತಿಕೊಂಡ ತಾಯಂದಿರು ಹೆಚ್ಚು. ತೀರಿಸಲು ಬರುವವರಲ್ಲಿ ತಲೆ ನರೆತವರೇ ಹೆಚ್ಚು. ಮೆಟ್ಟಿಲಿಗೊಮ್ಮೆ ಮಂಡಿ ಹಿಡಿದುಕೊಂಡು, ನೆರಳು ಸಿಕ್ಕ ಕಡೆ ಕೂತು, ಕೋತಿಗಳಿಂದ ಬಾಳೆಹಣ್ಣು ಕಾಪಾಡಿಕೊಳ್ಳುತ್ತಾ ಅವರು ಮೇಲಕ್ಕೆ ಬರುತ್ತಾರೆ. ಗುಹೆಯ ತಣ್ಣನೆಯ ನೀರು ತಲೆಗೆ ಹಾಕಿಕೊಂಡ ಮೇಲೆ ಎಷ್ಟೋ ಜನರ ಬಾಯಲ್ಲಿ ಬರುವ ಮಾತು ಒಂದೇ: "ಮಗ ಹುಟ್ಟಿದಾಗ ಹೊತ್ತಿದ್ದು ಸ್ವಾಮಿ, ಈಗ ಮೊಮ್ಮಗನ ಕೈ ಹಿಡಕಂಡು ಬಂದಿವ್ನಿ."

ಇದಕ್ಕೆ ಈ ಸೀಮೆಯಲ್ಲಿ ಹರಕೆ ಬಾಕಿ ಎಂದು ಹೆಸರು. ಮನೆಯಲ್ಲಿ ಹಸು ಸತ್ತರೆ, ಬೋರ್‌ವೆಲ್ ಬತ್ತಿದರೆ, ಮಗಳಿಗೆ ಸಂಬಂಧ ಕೂಡಿಬರದಿದ್ದರೆ, ಶಾಸ್ತ್ರ ಕೇಳಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ "ಯಾವುದಾದ್ರೂ ಹರಕೆ ಬಾಕಿ ಐತಾ?" ಎಂಬುದು. ಕೇಳಿದ ಕೂಡಲೇ ಮನೆಯ ಹಿರಿಯರಿಗೆ ಒಂದಲ್ಲ ಒಂದು ನೆನಪಾಗುತ್ತದೆ. ನೆನಪಾಗದ ಮನೆ ಇಲ್ಲವೆಂದೇ ಹೇಳಬೇಕು.

ಹಾಗಾದರೆ ದೇವರು ಸಾಲ ಕೊಟ್ಟ ಸಾಹುಕಾರನ ಹಾಗೆ ಬಾಗಿಲಲ್ಲಿ ನಿಂತು ವಸೂಲಿ ಮಾಡುವವನೇ? ಭಕ್ತಿಯುಳ್ಳವರು ಹಾಗೆ ಭಾವಿಸಬೇಕಾಗಿಲ್ಲ. ಬೆಟ್ಟದ ಮೇಲಿನ ಸ್ವಾಮಿಗೆ ಒಂದು ತೆಂಗಿನಕಾಯಿ ಇಪ್ಪತ್ತು ವರ್ಷ ತಡವಾದರೆ ಏನು ನಷ್ಟ? ಬಾಕಿ ಇರುವುದು ಹೊತ್ತವನ ಎದೆಯೊಳಗೆ. ಊಟಕ್ಕೆ ಕೂತಾಗ, ರಾತ್ರಿ ನಿದ್ದೆ ಬಾರದೆ ಮಗ್ಗುಲು ಬದಲಿಸುವಾಗ, ಅದು ಒಳಗೇ ಕೆಮ್ಮುತ್ತದೆ. ವಿಚಾರ ಮಾಡಬೇಕಾದ ಪ್ರಶ್ನೆ ಬೇರೆ ಇದೆ. ಮಾಡಬೇಕೆಂದು ತನಗೇ ಗೊತ್ತಿರುವ ಕೆಲಸ, ಮಾಡಲು ಕೈಲಾಗುವ ಕೆಲಸ, ಮಾಡಿದರೆ ನೆಮ್ಮದಿ ಸಿಗುವ ಕೆಲಸ. ಅದನ್ನು ಮನುಷ್ಯ ಯಾಕೆ ಮುಂದಕ್ಕೆ ತಳ್ಳುತ್ತಾನೆ? ಅರವತ್ತು ದಾಟಿ ಮುಂದಿರುವ ದಿನಗಳು ಕಡಿಮೆಯಾದ ಮೇಲಂತೂ ಬೇಗ ಮುಗಿಸಬೇಕಲ್ಲವೇ? ಆದರೆ ಆಗಲೇ ಹೆಚ್ಚು ತಳ್ಳುತ್ತಾನೆ.

ಸೋಮಾರಿತನ ಎಂದು ಹೇಳಿಬಿಡುವುದು ಸುಲಭ. ಸೊಸೆಯಂದಿರು, ಮಕ್ಕಳು ಹೇಳುವುದೂ ಅದನ್ನೇ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಿರಿಯ ಜೀವಗಳನ್ನು ಸೋಮಾರಿಗಳೆನ್ನಲು ನಾಲಿಗೆ ಏಳುವುದಿಲ್ಲ. ಇದು ಮಳೆ ಕಡಿಮೆ ಇರುವ ನಾಡು. ಪಾವಗಡ, ಶಿರಾ ಕಡೆ ವರ್ಷದ ಮಳೆಯೆಲ್ಲ ಸೇರಿದರೂ 600 ಮಿಲಿಮೀಟರಿನ ಆಸುಪಾಸು. ಕಡಲೆಕಾಯಿ ಬಿತ್ತುವವನಿಗೆ ಭೂಮಿಯ ಹದ ಸಿಗುವುದು ಎರಡೋ ಮೂರೋ ದಿನ. ರಾತ್ರಿ ಮಳೆ ಬಿದ್ದರೆ ಎಪ್ಪತ್ತು ವರ್ಷದ ಅಜ್ಜ ಕೋಳಿ ಕೂಗುವ ಮೊದಲೇ ಹೊಲದಲ್ಲಿರುತ್ತಾನೆ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುತ್ತಾನೆ. ಹದ ತಪ್ಪಿಸಿದವನನ್ನು ಊರು ರೈತನೆಂದು ಒಪ್ಪುವುದಿಲ್ಲ. (ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಿಗೆ ಪ್ರತಿವರ್ಷ ಕೊಕ್ಕರೆಗಳು ಗೂಡು ಕಟ್ಟಲು ಬರುವುದನ್ನು ನೋಡಿದವರಿಗೆ ಗೊತ್ತು, ಅವಕ್ಕೂ ಪಂಚಾಂಗ ನೋಡಿ ಯಾರೂ ಹೇಳಬೇಕಾಗಿಲ್ಲ.) ಜೀವಮಾನದಲ್ಲಿ ಒಂದು ಹದವನ್ನೂ ತಪ್ಪಿಸದ ಆ ಅಜ್ಜನೇ ಕಣ್ಣಿನ ಪೊರೆ ತೆಗೆಸಲು ಆರು ವರ್ಷ, ಪಹಣಿ ಸರಿಮಾಡಿಸಲು ಹದಿನೈದು ವರ್ಷ, ಒಡಹುಟ್ಟಿದವನ ಮನೆಗೆ ಹೋಗಿ ಮಾತಾಡಲು ಇಪ್ಪತ್ತು ವರ್ಷ ತಡಮಾಡುತ್ತಾನೆ. ಕೆಲಸಕ್ಕೆ ಅಂಜದವನು ಯಾವುದಕ್ಕೋ ಅಂಜುತ್ತಿದ್ದಾನೆ.

ಪೊರೆಯ ವಿಷಯವನ್ನೇ ತೆಗೆದುಕೊಳ್ಳೋಣ. "ಪೊರೆ ಇನ್ನೂ ಬಲೀಲಿ, ಆಮೇಲೆ ತೆಗೆಸಾನ" ಎಂಬ ಮಾತು ಈಗಲೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಒಂದು ಕಾಲಕ್ಕೆ ಇದು ವೈದ್ಯರೇ ಹೇಳುತ್ತಿದ್ದ ಮಾತು. ಆಗ ಕಣ್ಣೊಳಗಿನ ಮಸೂರವನ್ನೇ ಇಡಿಯಾಗಿ ತೆಗೆಯುತ್ತಿದ್ದರು, ಆಮೇಲೆ ಜೀವನವಿಡೀ ಸೋಡಾಬುಡ್ಡಿ ಕನ್ನಡಕ. ಹಾಗಾಗಿ ಪೂರ್ತಿ ಬಲಿಯುವ ತನಕ ಕಾಯಿಸುತ್ತಿದ್ದರು. ಈಗ ಸಣ್ಣ ಗಾಯದಲ್ಲೇ ಪೊರೆ ತೆಗೆದು ಒಳಗೆ ಕೃತಕ ಮಸೂರ ಕೂರಿಸುತ್ತಾರೆ. ಬಲಿಯಲು ಕಾಯಬೇಕಾದ್ದೇ ಇಲ್ಲ. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ ನೋವು ಬಂದು, ದೃಷ್ಟಿ ಮರಳಿ ಬಾರದಂತೆ ಹೋಗುವುದೂ ಉಂಟು. ಕಾಲ ಬದಲಾಯಿತು, ಶಸ್ತ್ರಚಿಕಿತ್ಸೆ ಬದಲಾಯಿತು, ಹಳೆಯ ಮಾತು ಮಾತ್ರ ಉಳಿದುಕೊಂಡಿತು. ಯಾಕೆ ಉಳಿಯಿತೆಂದರೆ ಅದು ಅನುಕೂಲದ ಮಾತು. ಹಿಂದೊಮ್ಮೆ ವಿವೇಕವಾಗಿದ್ದದ್ದು ಈಗ ನೆಪವಾಗಿದೆ. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದ ಕಣ್ಣಿನ ಆಸ್ಪತ್ರೆ ಇದೆ, ಹಳ್ಳಿಗಳ ಕಡೆ ಕಣ್ಣಿನ ಶಿಬಿರಗಳೂ ನಡೆಯುತ್ತವೆ. ದೂರವೂ ದುಡ್ಡೂ ಮೊದಲಿನಷ್ಟು ಅಡ್ಡಿಯಲ್ಲ. ಅಜ್ಜ ಹೆದರುವುದು ಕತ್ತರಿಗೂ ಅಲ್ಲ. "ಕಣ್ಣು ಹೋದ್ರೆ ಮಕ್ಕಳಿಗೆ ಭಾರ ಆಗ್ತೀನಲ್ಲ" ಎಂಬ ಭಯ. ಆ ಭಯದಿಂದ ತಡಮಾಡುತ್ತಾ ತಡಮಾಡುತ್ತಾ, ನಿಜಕ್ಕೂ ಕಣ್ಣು ಕಳೆದುಕೊಂಡು ಮಕ್ಕಳಿಗೆ ಭಾರವಾಗುತ್ತಾನೆ. ಯಾವುದಕ್ಕೆ ಹೆದರಿ ಓಡಿದನೋ ಅದರ ಮಡಿಲಿಗೇ ಹೋಗಿ ಬಿದ್ದ ಹಾಗೆ.

ಜಮೀನಿನ ಕಥೆಯೂ ಹೀಗೆಯೇ. ತಾತ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿಯಲ್ಲಿ ತಾತನ ಹೆಸರೇ ಇರುವ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ. ಪೌತಿ ಖಾತೆ ಮಾಡಿಸಬೇಕೆಂದು ಎಲ್ಲರಿಗೂ ಗೊತ್ತು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತಲ್ಲ, 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಶುರುವಾಯಿತು. ಗುತ್ತಿಗೆ ಹಣ ಬರಬೇಕಾದರೆ ದಾಖಲೆಯಲ್ಲಿ ಹೆಸರಿರಬೇಕು, ಸತ್ತ ತಾತ ಬಂದು ರುಜು ಹಾಕಲಾರ. ಹಣದ ಮಾತು ಬಂದಾಗಲೇ ದಾಖಲೆ ಸರಿಯಿರಬೇಕಿತ್ತು ಎಂದು ಎಲ್ಲರಿಗೂ ಅನ್ನಿಸುವುದು ಲೋಕರೂಢಿ.

ಇಲ್ಲಿಯೂ ತಾಲ್ಲೂಕು ಕಚೇರಿಯ ಅಲೆದಾಟ ಒಂದು ಕಾರಣ ನಿಜ. ಆದರೆ ಅದರ ಹಿಂದೆ ಹೇಳಿಕೊಳ್ಳಲಾಗದ ಕಾರಣ ಒಂದಿದೆ. ಖಾತೆ ಮಾಡಿಸಬೇಕೆಂದರೆ ವಾರಸುದಾರರ ಪಟ್ಟಿ ಬರೆಯಬೇಕು. ಪಟ್ಟಿ ಬರೆಯಬೇಕೆಂದರೆ ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕು. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಯಜಮಾನರಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವಳ ಹೆಸರು ಬರೆದರೆ ಗಂಡುಮಕ್ಕಳು ಮುನಿಯುತ್ತಾರೆ, ಬಿಟ್ಟರೆ ಮಗಳಿಗೆ ಅನ್ಯಾಯ. ಬರೆದರೂ ಕಷ್ಟ, ಬಿಟ್ಟರೂ ಕಷ್ಟ. ಬರೆಯದೆ ಇಟ್ಟರೆ ಸದ್ಯಕ್ಕೆ ಎಲ್ಲರೂ ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುತ್ತಾರೆ. "ನಾ ಇರೋ ತಂಕ ಹಿಂಗೇ ನಡೀಲಿ" ಎನ್ನುತ್ತಾರೆ. ಆ ಮಾತಿನ ಉಳಿದರ್ಧವನ್ನು ಅವರು ಹೇಳುವುದಿಲ್ಲ: ನಾನು ಹೋದ ಮೇಲೆ ನೀವು ನೀವೇ ಹೊಡೆದಾಡಿಕೊಳ್ಳಿ. ತಾನು ಪಡಬೇಕಾದ ಒಂದು ದಿನದ ಕಷ್ಟವನ್ನು ಮಕ್ಕಳ ಇಪ್ಪತ್ತು ವರ್ಷದ ಕೋರ್ಟು ಕಚೇರಿಗೆ ವರ್ಗಾಯಿಸುವುದು ಇದು. ವಿಲ್ ಬರೆದರೆ ಸಾವು ಹತ್ತಿರ ಬರುತ್ತದೆಂಬ ನಂಬಿಕೆಯೂ ಕೆಲವರಲ್ಲಿದೆ. ಸ್ವಂತ ದುಡಿಮೆಯ ಆಸ್ತಿಗೆ ವಿಲ್ ಬರೆಯಲು ಛಾಪಾ ಕಾಗದ ಬೇಕಿಲ್ಲ, ರಿಜಿಸ್ಟರ್ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ರುಜು ಇದ್ದರೆ ಬಿಳಿ ಹಾಳೆಯೂ ನಡೆಯುತ್ತದೆ. ಅಷ್ಟು ಸುಲಭವಾದ ಕೆಲಸ ಎಷ್ಟು ಮನೆಗಳಲ್ಲಿ ಆಗಿದೆ ಎಂಬುದನ್ನು ಓದುವವರೇ ತಮ್ಮ ತಮ್ಮ ಮನೆ ನೋಡಿ ಹೇಳಬೇಕು.

ಕಣ್ಣು, ಜಮೀನು ಎರಡಕ್ಕಿಂತ ಗಟ್ಟಿಯಾದ ಗಂಟು ಒಡಹುಟ್ಟಿದವರದು. ಮಧುಗಿರಿ ಸೀಮೆಯ ಒಂದು ಹಳ್ಳಿಯಲ್ಲಿ ಅರವತ್ತೆಂಟು ವರ್ಷದ ಒಬ್ಬ ಯಜಮಾನರು ಇದ್ದಾರೆಂದು ಭಾವಿಸಿಕೊಳ್ಳಿ. ಇಂಥವರು ಎಲ್ಲ ಊರಲ್ಲೂ ಇರುವುದರಿಂದ ಹೆಸರು ಬೇಡ. ಬದುವಿನ ಮೇಲಿನ ಒಂದು ಹೊಂಗೆಮರದ ವಿಷಯಕ್ಕೆ ತಮ್ಮನೊಂದಿಗೆ ಮಾತು ಬೆಳೆಯಿತು. ಅದೇ ವರ್ಷ ತಮ್ಮನ ಮಗಳ ಮದುವೆ. ತಮ್ಮ ಲಗ್ನಪತ್ರಿಕೆ ತಂದು ಜಗಲಿಯ ಮೇಲಿಟ್ಟು ಹೋದ. ದೊಡ್ಡಪ್ಪ ಮದುವೆಗೆ ಹೋಗಲಿಲ್ಲ. ತಮ್ಮ ಶಿರಾದಲ್ಲಿ ಮನೆ ಮಾಡಿಕೊಂಡ. ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅವನ ಮನೆ ಮುಂದೆ ಇಳಿಯಬಹುದು.

ಮೊದಲ ವರ್ಷ ಹೋಗದೆ ಇರಲು ಕಾರಣವಿತ್ತು, ಸಿಟ್ಟು. ಎರಡನೇ ವರ್ಷಕ್ಕೆ ಸಿಟ್ಟು ಇಳಿಯಿತು, ಮರವೂ ಗಾಳಿಗೆ ಬಿತ್ತು. ಆಗ ಹೋಗಬಹುದಿತ್ತು. ಆದರೆ "ಯುಗಾದಿ ಕಳೀಲಿ" ಅಂದರು. ಯುಗಾದಿ ಕಳೆಯಿತು, ಗೌರಿಹಬ್ಬ ಕಳೆಯಿತು. ಐದನೇ ವರ್ಷಕ್ಕೆ ಹೊಸ ಕಾರಣ ಹುಟ್ಟಿತು. "ಇಷ್ಟು ವರ್ಷ ಬರದೋನು ಈಗ್ಯಾಕೆ ಬಂದ ಅಂದ್ರೆ ಏನು ಹೇಳಾದು?" ಇಲ್ಲಿ ನಿಂತು ಯೋಚಿಸಬೇಕು. ಮೊದಲಿದ್ದ ಅಡ್ಡಿ ಪೂರ್ತಿ ಹೋಗಿದೆ. ಈಗಿರುವ ಅಡ್ಡಿ ತಡ ಮಾಡಿದ್ದೇ. ಹೋಗದೆ ಇದ್ದುದರಿಂದಲೇ ಹೋಗಲಾಗುತ್ತಿಲ್ಲ. ಬಡ್ಡಿಗೆ ಬಡ್ಡಿ ಬೆಳೆದು ಅಸಲನ್ನು ಮುಚ್ಚಿಹಾಕಿದಂತೆ, ನಾಚಿಕೆ ಬೆಳೆದು ಕೆಲಸವನ್ನು ಮುಚ್ಚಿದೆ. ವಯಸ್ಸಾದವರು ಹೆಚ್ಚು ಮುಂದೂಡುವುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ಇಪ್ಪತ್ತರ ಹುಡುಗನ ಬಾಕಿಗಳು ಎಳೆಯವು, ಅವುಗಳ ಮೇಲೆ ಬಡ್ಡಿ ಬೆಳೆದಿರುವುದಿಲ್ಲ. ಅರವತ್ತರವನ ಬಾಕಿಗಳಿಗೆ ನಲವತ್ತು ವರ್ಷದ ಬಡ್ಡಿ ಇದೆ. ಕೆಲಸ ಮಾಡಹೊರಟರೆ ತಡದ ಲೆಕ್ಕವನ್ನೂ ಬಿಚ್ಚಬೇಕಾಗುತ್ತದೆ. ಅದಕ್ಕೇ ಗಂಟನ್ನೇ ಮುಟ್ಟುವುದಿಲ್ಲ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ಹಿರಿಯರಿಗೆ ನೆನಪಿದ್ದೀತು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಅದನ್ನು ಓದಿಕೊಂಡು ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ದೆವ್ವಕ್ಕೆ ಮೋಸ ಮಾಡಿದೆವೆಂದು ಜನ ನಕ್ಕರು. ಬರಹ ಮಾಸಿ ಎಷ್ಟೋ ವರ್ಷವಾಯಿತು. ಆದರೆ ತಮ್ಮನ ನೆನಪು ಬಂದು ಬಾಗಿಲು ತಟ್ಟಿದಾಗ, ಮಗಳ ಪಾಲಿನ ವಿಚಾರ ಬಂದು ತಟ್ಟಿದಾಗ, ಅದೇ ಎರಡು ಪದ ತೋರಿಸಿ ಕಳಿಸುವವರು ಕಡಿಮೆಯಾಗಿಲ್ಲ. ಹರಿಕಥೆಗಳಲ್ಲಿ ಹೇಳುವ ಧರ್ಮರಾಯನ ಪ್ರಸಂಗ ಎಲ್ಲರಿಗೂ ಗೊತ್ತು. ದಾನ ಕೇಳಲು ಬಂದವನಿಗೆ ಧರ್ಮರಾಯ ನಾಳೆ ಬಾ ಎಂದ. ಭೀಮಸೇನ ಹೋಗಿ ನಗಾರಿ ಬಾರಿಸತೊಡಗಿದ. ಏನಪ್ಪಾ ಸಂಭ್ರಮ ಎಂದರೆ, ಅಣ್ಣ ನಾಳೆಯ ತನಕ ಬದುಕಿರುವುದು ಖಾತ್ರಿಯಾಯಿತು, ಕಾಲವನ್ನೇ ಗೆದ್ದ ಎಂದು ಸಾರುತ್ತಿದ್ದೇನೆ ಎಂದನಂತೆ. ಧರ್ಮರಾಯ ಆ ಬಡವನನ್ನು ಕರೆಸಿ ಆ ಕ್ಷಣವೇ ಕೊಟ್ಟ. ಧರ್ಮಕ್ಕೆ ಹೆಸರಾದವನಿಗೇ ಹೀಗಾದ ಮೇಲೆ ಉಳಿದವರ ಮಾತೇನು.

ಹಾಗಂತ ತಡ ಮಾಡುವುದೆಲ್ಲ ತಪ್ಪು ಎಂದರೆ ಮಹಾಭಾರತವೇ ಒಪ್ಪುವುದಿಲ್ಲ. ಶಾಂತಿಪರ್ವದಲ್ಲಿ ಭೀಷ್ಮರು ಚಿರಕಾರಿ ಎಂಬವನ ಕಥೆ ಹೇಳುತ್ತಾರೆ. ಗೌತಮನ ಮಗ. ಯಾವ ಕೆಲಸವನ್ನೂ ಬಹಳ ಹೊತ್ತು ಯೋಚಿಸಿಯೇ ಮಾಡುತ್ತಿದ್ದುದರಿಂದ ಜನ ಅವನನ್ನು ಮಂದಬುದ್ಧಿ ಎನ್ನುತ್ತಿದ್ದರು. ಒಮ್ಮೆ ತಂದೆ ಕೋಪದಲ್ಲಿ, ನಿನ್ನ ತಾಯಿಯನ್ನು ಕೊಲ್ಲು ಎಂದು ಆಜ್ಞೆ ಮಾಡಿ ಕಾಡಿಗೆ ಹೋದ. ಮಗ ಆಯುಧ ಹಿಡಿದು ಯೋಚಿಸುತ್ತಾ ನಿಂತ. ತಂದೆಯ ಮಾತು ಮೀರಬಾರದು, ನಿಜ. ತಾಯಿಯನ್ನು ಕೊಂದವನಿಗೆ ಯಾವ ಗತಿ? ಅವನು ಯೋಚಿಸಿ ಮುಗಿಸುವಷ್ಟರಲ್ಲಿ ತಂದೆಯ ಕೋಪ ಇಳಿದು, ಎಂಥ ಅನಾಹುತ ಮಾಡಿಬಿಟ್ಟೆನೋ ಎಂದು ಅಳುತ್ತಾ ಓಡಿಬಂದ. ಹೆಂಡತಿ ಬದುಕಿದ್ದಳು. ಮಗನ ನಿಧಾನವನ್ನು ಗೌತಮ ಬಾಯ್ತುಂಬ ಹರಸಿದ. ಕೋಪದ ಕೆಲಸ, ಹಿಂಸೆಯ ಕೆಲಸ, ಇನ್ನೊಬ್ಬರ ಮನೆ ಮುರಿಯುವ ಕೆಲಸವನ್ನು ಎಷ್ಟು ತಡ ಮಾಡಿದರೂ ಒಳ್ಳೆಯದೇ.

ಹಾಗಾದರೆ ಮಧುಗಿರಿಯ ಯಜಮಾನರು ಚಿರಕಾರಿಯೇ? ಅವರನ್ನು ಕೇಳಿದರೆ "ಯೋಚ್ನೆ ಮಾಡ್ತಿದೀನಿ ಕಣಪ್ಪ" ಎನ್ನುತ್ತಾರೆ. ವ್ಯತ್ಯಾಸ ಪತ್ತೆಹಚ್ಚಲು ಒಂದು ದಾರಿ ಇದೆ. ಚಿರಕಾರಿ ಕೆಲಸದ ಎದುರಿಗೇ ನಿಂತಿದ್ದ, ಕೈಯಲ್ಲಿ ಆಯುಧ, ಕಣ್ಣೆದುರಿಗೆ ತಾಯಿ. ಒಂದು ಕ್ಷಣವೂ ಮುಖ ತಿರುಗಿಸಲಿಲ್ಲ. ಯಜಮಾನರು ತಮ್ಮನ ಸುದ್ದಿ ಬಂದ ಕೂಡಲೇ ಎದ್ದು ದನಕ್ಕೆ ನೀರು ತೋರಿಸಲು ಹೋಗುತ್ತಾರೆ. ಶಿರಾ ಬಸ್ಸು ನಿಲ್ಲುವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ. ಯೋಚಿಸುವವನು ಕೆಲಸವನ್ನು ನೋಡುತ್ತಿರುತ್ತಾನೆ. ತಪ್ಪಿಸಿಕೊಳ್ಳುವವನಿಗೆ ಬೇಕಾದ್ದು ಅದು ಕಣ್ಣಿಗೆ ಬೀಳದಿರುವುದು, ಅಷ್ಟೇ.

ನಿಧಾನದ ಮಾತು ಬಂದಾಗ ಪಾವಗಡದ ಶನಿಮಹಾತ್ಮನನ್ನು ನೆನೆಯದೆ ಇರಲಾಗದು. ಶ್ರಾವಣದ ಶನಿವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಬಂದವರಲ್ಲಿ ಬಹಳ ಮಂದಿ ಕೇಳುವುದು ಆತನ ಕಾಟ ತಪ್ಪಲಿ ಎಂದು. ಆತನ ಹೆಸರಿನ ಅರ್ಥವನ್ನು ಕೇಳುವವರು ಕಡಿಮೆ. ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು. ಒಂದು ರಾಶಿ ದಾಟಲು ಎರಡೂವರೆ ವರ್ಷ, ಹನ್ನೆರಡು ರಾಶಿ ಸುತ್ತಲು ಮೂವತ್ತು ವರ್ಷ; ಖಗೋಳದ ಲೆಕ್ಕದಲ್ಲಿ 29 ವರ್ಷ 5 ತಿಂಗಳಿಗೆ ತುಸು ಹೆಚ್ಚು. ಪ್ರತಿವರ್ಷ ನಾಲ್ಕೂವರೆ ತಿಂಗಳ ಕಾಲ ಆತ ಹಿಂದಕ್ಕೆ ಹೋಗುತ್ತಿರುವಂತೆಯೂ ಕಾಣುತ್ತಾನೆ, ಪಂಚಾಂಗದವರು ವಕ್ರಗತಿ ಎನ್ನುವುದು ಅದನ್ನೇ. ಆದರೂ ಸುತ್ತು ಮುಗಿಯದೆ ಇರುವುದಿಲ್ಲ. ಮನುಷ್ಯನಿಗೆ ಅರವತ್ತಾಗುವ ಹೊತ್ತಿಗೆ ಶನಿ ಎರಡು ಸುತ್ತು, ಗುರು ಐದು ಸುತ್ತು ಮುಗಿಸಿ ಇಬ್ಬರೂ ಹುಟ್ಟಿದಾಗ ಇದ್ದ ಕಡೆಗೇ ಬರುತ್ತಾರೆ, ಸಂವತ್ಸರದ ಹೆಸರೂ ಮರಳಿ ಅದೇ ಬರುತ್ತದೆ. ಷಷ್ಟ್ಯಬ್ದಿ ಮಾಡಿ ಎರಡನೇ ಸಲ ತಾಳಿ ಕಟ್ಟಿಸುವುದು ಅದಕ್ಕೇ. ಆಮೇಲೆ ಶುರುವಾಗುವುದು ಮೂರನೇ ಸುತ್ತು. ಆ ಸುತ್ತಿನಲ್ಲಿ ಓಡುವ ಶಕ್ತಿ ಯಾರಿಗೂ ಇರುವುದಿಲ್ಲ, ಓಡಬೇಕೆಂದು ಯಾರೂ ಕೇಳುವುದೂ ಇಲ್ಲ. ಮಂಡಿ ನೋವಿದ್ದವನು ಮೆಟ್ಟಿಲಿಗೊಮ್ಮೆ ಕೂತು ಹತ್ತಿದರೆ ಅದು ಮುಂದೂಡಿದ್ದಲ್ಲ. ಬೆಟ್ಟದ ಬುಡದಲ್ಲಿ ಕಾಫಿ ಕುಡಿಯುತ್ತಾ "ಇನ್ನೊಂದ್ಸಲ ಬಂದಾಗ ನೋಡಾನ" ಎನ್ನುವುದು ಮುಂದೂಡಿದ್ದು.

ಮಾಡುವುದಾದರೂ ಹೇಗೆ ಎಂದರೆ, ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಹರಕೆಯ ಪದ್ಧತಿಯೊಳಗೇ ಹಿರಿಯರು ಉಪಾಯ ಇಟ್ಟಿದ್ದಾರೆ. ಮೊದಲನೆಯದು ಮುಡಿಪು. ದೂರದ ದೇವರಿಗೆ ಈಗ ಹೋಗಲಾಗದಿದ್ದರೆ ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ದೇವರ ಗೂಡಿನಲ್ಲಿಡುತ್ತಾರೆ. ಅದು ಹರಕೆ ತೀರಿಸಿದ್ದಲ್ಲ. ಆದರೆ ಕೈ ಒಂದು ಕೆಲಸ ಮಾಡಿತು. ಮನಸ್ಸಿನಲ್ಲಿದ್ದದ್ದು ಕಣ್ಣಿಗೆ ಕಾಣುವ ಗಂಟಾಯಿತು. ದಿನಾ ದೀಪ ಹಚ್ಚುವಾಗ ಅದು ಕಾಣುತ್ತದೆ. ಪಹಣಿ ಸರಿಮಾಡಿಸಬೇಕಾದವರು ಹಳೆಯ ಪೆಟ್ಟಿಗೆಯಿಂದ ತಾತನ ಮರಣಪತ್ರ ಹುಡುಕಿ ತೆಗೆದು ಆ ಗೂಡಿನ ಪಕ್ಕ ಇಟ್ಟರೆ ಅದೇ ಮುಡಿಪು. ಅವತ್ತು ಕಚೇರಿಗೆ ಹೋಗಬೇಕೆಂದೇನಿಲ್ಲ.

ಇನ್ನೊಂದು ಸಂಕಲ್ಪ. ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಜನ ತಲೆಬಗ್ಗಿಸಿ ಕೇಳಿ ಸುಮ್ಮನಾಗುತ್ತಾರೆ. ಅದರಲ್ಲಿ ಏನಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ದ್ವೀಪ, ಯಾವ ವರ್ಷ, ಗೋದಾವರಿಯ ಯಾವ ದಡ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಯಾವ ಗೋತ್ರದ ಯಾರು, ಏನು ಮಾಡುತ್ತಾನೆ. ಎಲ್ಲಾದರೂ ಎಂದಾದರೂ ಎಂಬ ಪದಕ್ಕೆ ಅದರಲ್ಲಿ ಜಾಗವೇ ಇಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಎಂದು, ಎಲ್ಲಿ, ಹೇಗೆ ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರು, ಬರೀ ಮಾಡಬೇಕೆಂದುಕೊಂಡವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರೆ ಎಂದು ಪ್ರಯೋಗಗಳ ಆಧಾರದಿಂದ ತೋರಿಸಿದರು. "ಕಣ್ಣು ತೋರಿಸ್ಬೇಕು" ಎನ್ನುವ ಅಜ್ಜಿಗೂ "ಬರೋ ಸೋಮವಾರ ಸಂತೆ ಬಸ್ಸಿಗೆ ಮೊಮ್ಮಗಳ ಜೊತೆ ಪಾವಗಡಕ್ಕೆ ಹೋಗಿ ಕಣ್ಣು ತೋರಿಸ್ತೀನಿ" ಎನ್ನುವ ಅಜ್ಜಿಗೂ ವ್ಯತ್ಯಾಸ ಇರುವುದು ಇಲ್ಲೇ. ಎರಡನೆಯ ಅಜ್ಜಿ ಸಂಕಲ್ಪ ಮಾಡಿದ್ದಾಳೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪುಕಾಣಿಕೆ. ತಡವಾಗಿ ಹರಕೆ ತೀರಿಸುವವರು ಹರಕೆಯ ಜೊತೆಗೆ ಬೇರೆಯಾಗಿ ಸ್ವಲ್ಪ ಹಣ ಹಾಕಿ, ಕೆನ್ನೆ ಕೆನ್ನೆ ಬಡಿದುಕೊಂಡು "ತಪ್ಪಾಯ್ತು ಸ್ವಾಮಿ" ಎನ್ನುತ್ತಾರೆ. ತಡಮಾಡಿದ್ದಕ್ಕೆ ಒಂದು ಲೆಕ್ಕ, ಹರಕೆಗೆ ಇನ್ನೊಂದು ಲೆಕ್ಕ. ಎರಡನ್ನೂ ಬೆರೆಸುವುದಿಲ್ಲ. ಇಪ್ಪತ್ತು ವರ್ಷ ತಡವಾಯಿತೆಂದು ಇಪ್ಪತ್ತು ಪಟ್ಟು ಹಾಕಬೇಕೆಂದೂ ಇಲ್ಲ. ಅವರವರ ಶಕ್ತಿಗೆ ತಕ್ಕಷ್ಟು. ಯಾಕೆ ತಡವಾಯಿತೆಂದು ಗರ್ಭಗುಡಿಯಿಂದ ಯಾರೂ ಕೇಳುವುದಿಲ್ಲ, ಭಕ್ತನೂ ವಿವರಣೆ ಕೊಡುವುದಿಲ್ಲ. ಮಧುಗಿರಿಯ ಯಜಮಾನರಿಗೆ ಸಿಗದೆ ಹೋದದ್ದು ಈ ಎರಡು ಲೆಕ್ಕದ ಸೂಕ್ಷ್ಮ. ಹನ್ನೊಂದು ವರ್ಷಕ್ಕೆ ವಿವರಣೆ ಸಿದ್ಧವಾದ ಮೇಲೆ ಹೋಗೋಣವೆಂದು ಅವರು ಕಾದರು. ಅಂಥ ವಿವರಣೆ ಯಾವತ್ತೂ ಸಿದ್ಧವಾಗುವುದಿಲ್ಲ, ಯಾಕೆಂದರೆ ಅಂಥದ್ದು ಇಲ್ಲವೇ ಇಲ್ಲ. ಒಂದು ಚೀಲ ಹೊಸ ಕಡಲೆಕಾಯಿ ಹೊತ್ತು ತಮ್ಮನ ಮನೆ ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣಪ್ಪ, ಮಗೀನ ಮದುವೇಗೆ ಬರಬೇಕಾಗಿತ್ತು" ಎಂದು ಹೇಳಿದರೆ ತಪ್ಪುಕಾಣಿಕೆ ಸಂದಾಯವಾಯಿತು. ಮರದ ವಿಷಯ, ಯಾರು ಮೊದಲು ಬೈದದ್ದು ಎಂಬ ವಿಷಯ ಅವತ್ತು ಬೇಡ. ತಮ್ಮ "ಬಾ ಅಣ್ಣ, ಒಳೀಕ್ ಬಾ" ಎನ್ನಬಹುದು. ಮುಖ ಗಂಟಿಕ್ಕಿಕೊಂಡು ಒಳಗೆ ಹೋಗಲೂಬಹುದು, ಅದು ಅವನಿಗೆ ಬಿಟ್ಟದ್ದು. ಅವನ ನೋವಿಗೂ ಹನ್ನೊಂದು ವರ್ಷ ವಯಸ್ಸಾಗಿದೆ. ಆದರೂ ಅಣ್ಣ ಬಂದಿದ್ದ ಎಂಬುದನ್ನು ಆಮೇಲೆ ಯಾರೂ ಅಳಿಸಲಾಗುವುದಿಲ್ಲ. ಅತ್ತಿಗೆಯೋ ನಾದಿನಿಯೋ ಒಂದು ಲೋಟ ನೀರು ತಂದಿಟ್ಟರೆ ಅದನ್ನು ಕುಡಿದು ಎದ್ದು ಬರಬಹುದು. ಎರಡನೇ ಸಲ ಬಸ್ಸು ಹತ್ತುವುದು ಮೊದಲ ಸಲದಷ್ಟು ಕಷ್ಟವಲ್ಲ.

ಮನೆಯ ಕಿರಿಯರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲೆಲ್ಲ ಚುರುಕಾಗಿದ್ದ ಹಿರಿಯರು ಇದ್ದಕ್ಕಿದ್ದ ಹಾಗೆ ಸ್ನಾನ, ಊಟ, ಔಷಧಿ ಎಲ್ಲವನ್ನೂ ಆಮೇಲೆ ಎನ್ನತೊಡಗಿದರೆ, ಬಟ್ಟೆಬರೆಯ ಮೇಲೆ ಗಮನ ಹೋದರೆ, ದುಡ್ಡಿನ ಲೆಕ್ಕ ತಪ್ಪತೊಡಗಿದರೆ, ಅದು ಈವರೆಗೆ ಹೇಳಿದ ಮುಂದೂಡುವಿಕೆ ಆಗಿರಲಾರದು. ಖಿನ್ನತೆಯೋ ಮರೆವಿನ ಕಾಯಿಲೆಯೋ ಥೈರಾಯ್ಡ್ ಕೊರತೆಯೋ ಇರಬಹುದು. ಅದಕ್ಕೆ ಬೈಗುಳವೂ ಉಪದೇಶವೂ ಔಷಧಿಯಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಓದಿದ ಮೇಲೆ ಕೆಲವರ ಮನಸ್ಸಿನಲ್ಲಿ ಒಂದು ನೋವಿನ ಪ್ರಶ್ನೆ ಏಳುತ್ತದೆ. ಹೋಗಬೇಕಾಗಿದ್ದ ತಮ್ಮನೇ ತೀರಿಕೊಂಡಿದ್ದರೆ? ಕ್ಷಮೆ ಕೇಳಬೇಕಾಗಿದ್ದ ತಾಯಿ ಇಲ್ಲವಾಗಿದ್ದರೆ? ಬೆಟ್ಟದ ದೇವರು ಇಪ್ಪತ್ತು ವರ್ಷ ಕಾಯುತ್ತಾನೆ, ಮನುಷ್ಯರು ಕಾಯುವುದಿಲ್ಲ. ಇದನ್ನು ಸಕ್ಕರೆ ಹಾಕಿ ಹೇಳಲಾಗದು. ತೀರಿಕೊಂಡವರ ಜೊತೆ ಆಡಬೇಕಾಗಿದ್ದ ಮಾತು ಆಡದೆಯೇ ಉಳಿಯುತ್ತದೆ. ಆದರೂ ಇಂಥವರನ್ನು ಹಿರಿಯರು ಪೂರ್ತಿ ಕೈಬಿಟ್ಟಿಲ್ಲ. ಭಾದ್ರಪದದ ಕೃಷ್ಣಪಕ್ಷ ಪಿತೃಪಕ್ಷ. ಅದರ ಕೊನೆಯ ದಿನ ಮಹಾಲಯ ಅಮಾವಾಸ್ಯೆ, ತಿಥಿ ತಪ್ಪಿದವರಿಗೆ, ತಿಥಿ ಗೊತ್ತಿಲ್ಲದವರಿಗೆ, ಶ್ರಾದ್ಧ ಬಿಟ್ಟುಹೋದವರಿಗೆಲ್ಲ ಸೇರಿಸಿ ಇಟ್ಟ ದಿನ. ಅವತ್ತು ತಮ್ಮನಿಗೆ ಇಷ್ಟವಾಗಿದ್ದ ಅಡುಗೆ ಮಾಡಿ ಎಡೆ ಇಡಬಹುದು.

ತಮ್ಮ ಇಲ್ಲದಿದ್ದರೂ ಅವನ ಮಗಳು ಇದ್ದಾಳಲ್ಲ, ಯಾರ ಮದುವೆಗೆ ದೊಡ್ಡಪ್ಪ ಹೋಗಲಿಲ್ಲವೋ ಅವಳು. ಅವಳಿಗೂ ಈಗ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ದೊಡ್ಡಪ್ಪ ದೊಡ್ಡಮ್ಮ ಒಂದು ದಿನ ಗೊತ್ತುಮಾಡಿಕೊಂಡು, ಸೇರು ಅಕ್ಕಿ, ಬೆಲ್ಲದ ಅಚ್ಚು, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಒಂದು ರವಿಕೆ ಕಣ ತೆಗೆದುಕೊಂಡು ಅವಳ ಮನೆಗೆ ಹೋಗಿ ಮಡಿಲು ತುಂಬಬಹುದು. ತವರಿನ ಕಡೆಯ ಹಿರಿಯರು ಬಂದು ಕೊಟ್ಟರೆ ಮಡಿಲಕ್ಕಿಯೇ ಅದು. ಮದುವೆಯಾದ ಇಂತಿಷ್ಟು ವರ್ಷದೊಳಗೆ ಕೊಡಬೇಕೆಂಬ ಕಟ್ಟಳೆ ಈ ಸೀಮೆಯಲ್ಲಿ ಯಾರೂ ಮಾಡಿಲ್ಲ.